ಚಿಮ್ನಿ ಇಲ್ಲದ ಚಿಮ್ನಿ ಏರು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ನಾರ್ತ್ ಯಾರ್ಕ್ ಮೂರ್ಸ್ ಎಂಬ ಗುಡ್ಡಗಾಡು ಇದೆ. ಅದರ ಅತ್ಯುನ್ನತ ಶಿಖರದ ಎತ್ತರ 454 ಮೀಟರ್. ಶಿಖರ ಎಂದದ್ದು ಸೌಜನ್ಯಕ್ಕೆ. ನಮ್ಮ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರದಲ್ಲಿದೆ. ಅಲ್ಲಿ ಬೈಟು ಕಾಫಿ ಹಿಡಿದು ನಿಂತವರು ತಮ್ಮನ್ನು ಪರ್ವತಾರೋಹಿಗಳೆಂದು ಭಾವಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ನಮ್ಮ ಯಾರ್ಕ್‌ಶೈರ್ ಸೈಕಲ್ ಗುಂಪು ಮೂರ್ಸ್ ಹತ್ತಲು ಹೊರಟಿದೆ ಎಂದು ಫೋನಿನಲ್ಲಿ ಹೇಳಿದಾಗ, ಭಾನುವಾರ ಬಂದರೆ ನಸುಕಿಗೇ ಎದ್ದು ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ನನ್ನ ಭಾವಮೈದ ನಕ್ಕದ್ದರಲ್ಲಿ ತಪ್ಪೇನಿಲ್ಲ. ನಂದಿ 1,478 ಮೀಟರ್. "ಭಾವ, ನೀವು ಹತ್ತುವ ಬೆಟ್ಟದ ತುದಿಗೆ ಬರಬೇಕಾದರೆ ನಾನು ಬೆಂಗಳೂರಿನಿಂದ ಇಳಿದುಕೊಂಡು ಬರಬೇಕಲ್ಲ" ಎಂದ. ಸಮುದ್ರಮಟ್ಟದ ಲೆಕ್ಕದಲ್ಲಿ ಮಾತು ನೂರಕ್ಕೆ ನೂರು ಸರಿ. ಆದರೆ ಸೈಕಲ್ಲಿಗೆ ಸಮುದ್ರಮಟ್ಟ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮುಂದಿನ ಹತ್ತು ಮಾರು ರಸ್ತೆ ಮಾತ್ರ.

ನಮ್ಮ ಘಟ್ಟದ ರಸ್ತೆಗಳು ಸಭ್ಯ ರಸ್ತೆಗಳು. ಆಗುಂಬೆ, ಚಾರ್ಮಾಡಿ, ಸಂಪಾಜೆ ಯಾವುದನ್ನೇ ನೋಡಿ. ಬೆಟ್ಟವನ್ನು ಎದುರಿಗೆ ಕಂಡ ಕೂಡಲೇ ರಸ್ತೆ ಒಂದು ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಹೊರಳಿ, ತಿರುಗಿ, ಮತ್ತೆ ಹೊರಳಿ, ನೂರಡಿ ಮೇಲಕ್ಕೆ ಒಯ್ಯಲು ಸಾವಿರಾರು ಅಡಿ ಸುತ್ತಿಸುತ್ತದೆ. ತುಂಬಿದ ಎತ್ತಿನ ಗಾಡಿ ಹತ್ತಬೇಕು ಎಂದು ಲೆಕ್ಕ ಹಾಕಿ ಮಾಡಿದ ರಸ್ತೆಗಳು ಅವು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಇಂಜಿನಿಯರುಗಳು ನಮ್ಮ ಎತ್ತುಗಳ ಮೇಲೆ ತೋರಿದ ಈ ಕರುಣೆಯನ್ನು ತಮ್ಮ ಊರಿನ ಜನರ ಮೇಲೆ ತೋರಲಿಲ್ಲ. ಮೂರ್ಸ್‌ನ ಎಷ್ಟೋ ರಸ್ತೆಗಳು ಹಿಂದೆ ಹೇರುಕುದುರೆಗಳು ಉಪ್ಪು, ಮೀನು, ಉಣ್ಣೆ ಹೊತ್ತು ನಡೆದ ಜಾಡುಗಳು. ಕುದುರೆಗೆ ಕಡಿದು ಲೆಕ್ಕಕ್ಕಿಲ್ಲ, ನೇರ ಹತ್ತುತ್ತದೆ. ಮುಂದೊಂದು ದಿನ ಯಾರೋ ಬಂದು ಅದೇ ಜಾಡಿನ ಮೇಲೆ ಡಾಂಬರು ಸುರಿದು ರಸ್ತೆ ಎಂದು ಕರೆದರು. ಪರಿಣಾಮವಾಗಿ ಅಲ್ಲಿ ಐದಕ್ಕೊಂದು, ನಾಲ್ಕಕ್ಕೊಂದು ಏರುಗಳು ಬೇಕಾದಷ್ಟಿವೆ. ಕೆಲವು ಕಡೆ ಮೂರಕ್ಕೊಂದು: ಮೂರಡಿ ಮುಂದೆ ಹೋದರೆ ಒಂದಡಿ ಮೇಲೆ. ನಂದಿಬೆಟ್ಟದಲ್ಲಿ ಇಂಥದ್ದೊಂದನ್ನು ಹುಡುಕಿ ತೋರಿಸು ಎಂದೆ. ಭಾವಮೈದ ಮಳೆಯ ವಿಷಯಕ್ಕೆ ಮಾತು ಹೊರಳಿಸಿದ.

ನಮ್ಮ ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದಾರೆ. ನಿವೃತ್ತ ಮೇಷ್ಟ್ರು, ರಾತ್ರಿಪಾಳಿ ಮುಗಿಸಿ ನೇರ ಬರುವ ನರ್ಸು, ಕಾಲಿನ ಕೂದಲು ಬೋಳಿಸಿಕೊಂಡ ಇಬ್ಬರು ಉತ್ಸಾಹಿ ತರುಣರು, ಗಂಡನಿಗೆ ಹುಷಾರಿಲ್ಲದ ದಿನ ಮಾತ್ರ ನಗುತ್ತ ಬರುವ ಒಬ್ಬ ಮಹಿಳೆ, ಮತ್ತು ಹಿಂದಿನ ಜೇಬಿನಲ್ಲಿ ಕೋಡುಬಳೆ ಇಟ್ಟುಕೊಳ್ಳುವ ನಾನು. ಮುಂದಾಳು ಹೊರಡುವ ಮೊದಲು ದಾರಿ ಹೇಳುತ್ತಾನೆ. ಇಂಗ್ಲಿಷರ ಮಾತಿಗೆ ಒಂದು ಗುಣಕ ಹಾಕಿ ಕೇಳಬೇಕು ಎಂಬುದು ಅಲ್ಲಿ ಸ್ವಲ್ಪ ಕಾಲ ಬಾಳಿದವರಿಗೆ ಗೊತ್ತು. "ಇವತ್ತು ಅಲ್ಲಲ್ಲಿ ಸ್ವಲ್ಪ ಏರಿಳಿತ ಇದೆ" ಎಂದರೆ ಮನೆಗೆ ಫೋನ್ ಮಾಡಿ ಮಾತಾಡಿಕೊಳ್ಳುವುದು ಒಳ್ಳೆಯದು. "ಗಾಳಿ ಚುರುಕಾಗಿದೆ" ಎಂದರೆ ಮರ ಬಿದ್ದಿದೆ. ಅಂದು ಅವನು ಹೇಳಿದ್ದು, "ಕೊನೆಗೆ ಒಂದು ಸಣ್ಣ ದಿಣ್ಣೆ, ಅಷ್ಟೆ." ಮೇಷ್ಟ್ರು ಶೂ ಲೇಸನ್ನು ಬಿಚ್ಚಿ ಇನ್ನೊಮ್ಮೆ ಬಿಗಿಯಾಗಿ ಕಟ್ಟಿಕೊಂಡರು.

ಗುಂಪಿನಲ್ಲಿ ಸೈಕಲ್ ಹೊಡೆಯುವುದಕ್ಕೆ ಒಂದು ಶಿಸ್ತು ಇದೆ. ಮುಂದಿನವನು ಕಂಡದ್ದನ್ನು ಹಿಂದಿನವರಿಗೆ ಕೂಗಿ ಹೇಳಬೇಕು, ಅವರು ಅದನ್ನು ಇನ್ನೂ ಹಿಂದಕ್ಕೆ ದಾಟಿಸಬೇಕು. ಹಿಂದಿನಿಂದ ಕಾರು ಬಂದರೆ ಕೂಗು, ಜಲ್ಲಿ ಇದ್ದರೆ ಕೂಗು, ಹೊಂಡ ಇದ್ದರೆ ಕೂಗು. ಗಾಬರಿಯಲ್ಲಿ ಒಮ್ಮೆ ನನ್ನ ಬಾಯಿಂದ "ಗುಂಡಿ!" ಎಂದೇ ಹೊರಟಿತು. ಎಲ್ಲರೂ ಸರಿಯಾಗಿಯೇ ಪಕ್ಕಕ್ಕೆ ಸರಿದರು. ಈಗ ಇಬ್ಬರು ಗುಂಡಿ ಎಂದೇ ಕೂಗುತ್ತಾರೆ. ಬೆಂಗಳೂರಿನವರು ಈ ಪದ್ಧತಿ ಅನುಸರಿಸಿದರೆ ಮನೆಯಿಂದ ಆಫೀಸು ಮುಟ್ಟುವಷ್ಟರಲ್ಲಿ ಗಂಟಲು ಹೋಗುತ್ತದೆ.

ಹೊರಟದ್ದು ಪಿಕರಿಂಗ್ ಪಟ್ಟಣದಿಂದ. ಅಲ್ಲಿ ಒಂದು ಹಳೆಯ ಉಗಿರೈಲು ಇನ್ನೂ ಓಡುತ್ತದೆ, ಮೂರ್ಸ್‌ನ ನಡುವೆ ಗ್ರೋಮಾಂಟ್ ಎಂಬ ಊರಿನವರೆಗೆ 29 ಕಿಲೋಮೀಟರ್. 1836ರಲ್ಲಿ ತೆರೆದ ಈ ದಾರಿಯನ್ನು ರೂಪಿಸಿದವನು ರೈಲಿನ ಪಿತಾಮಹ ಜಾರ್ಜ್ ಸ್ಟೀಫನ್‌ಸನ್. ಆದರೆ ಆರಂಭದಲ್ಲಿ ಇಲ್ಲಿ ಡಬ್ಬಿಗಳನ್ನು ಎಳೆದದ್ದು ಕುದುರೆಗಳು. ಒಂದು ಕಡಿದಾದ ಇಳಿಜಾರಿನಲ್ಲಿ ಕುದುರೆಗೂ ಕೈಲಾಗದೆ, ಮೇಲಿನಿಂದ ನೀರು ತುಂಬಿದ ತೊಟ್ಟಿಗಾಡಿಯನ್ನು ಕೆಳಗೆ ಬಿಟ್ಟು ಅದರ ಭಾರಕ್ಕೆ ಹಗ್ಗ ಕಟ್ಟಿ ಕೆಳಗಿನ ಡಬ್ಬಿಯನ್ನು ಮೇಲೆಳೆಯುತ್ತಿದ್ದರು. ಸ್ಟೀಫನ್‌ಸನ್ನನೇ ಹಗ್ಗಕ್ಕೆ ಶರಣಾದ ನಾಡು ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಎಷ್ಟೋ ಸಮಾಧಾನ ಸಿಗುತ್ತದೆ. ರೈಲಿನ ಕಿಟಕಿಯಲ್ಲಿ ಕೂತ ಮಕ್ಕಳು ನಮಗೆ ಕೈಬೀಸಿದರು. ಪಕ್ಕದಲ್ಲಿದ್ದ ದೊಡ್ಡವರು ಕೈಬೀಸಲಿಲ್ಲ, ಕನಿಕರದಿಂದ ನೋಡಿದರು.

ಹಟನ್-ಲೆ-ಹೋಲ್ ಎಂಬ ಹಳ್ಳಿ ದಾಟಿದರೆ ನಿಜವಾದ ಮೂರ್, ಅಂದರೆ ಮರವಿಲ್ಲದ ಬಯಲುಗುಡ್ಡ, ಶುರು. ಈ ಹಳ್ಳಿಯ ನಡುವೆ ಒಂದು ಹಸಿರು ಹುಲ್ಲುಹಾಸು, ಅದರ ಮೇಲೆ ಕುರಿಗಳು. ಕುರಿಗಳೇ ಊರಿನ ಗೌಡರು. ರಸ್ತೆಯ ಮಧ್ಯೆ ಮಲಗಿ ಮೆಲುಕು ಹಾಕುತ್ತಿರುತ್ತವೆ. ಬೆಲ್ ಬಾರಿಸಿದರೆ ತಲೆಯೆತ್ತಿ, ಯಾರು ನೀವು, ಯಾರ ಪೈಕಿ ಎಂಬ ದೃಷ್ಟಿಯಿಂದ ನೋಡುತ್ತವೆ. ಸ್ವೇಲ್‌ಡೇಲ್ ಜಾತಿಯವು, ಕಪ್ಪು ಮುಖ, ಬಿಳಿ ಮೂತಿ, ಸುರುಳಿ ಕೊಂಬು. ಮೇಲಿನ ಬಯಲಿನಲ್ಲಿ ಮೈಲುಗಟ್ಟಲೆ ಬೇಲಿಯೇ ಇಲ್ಲ. ಆದರೂ ಪ್ರತಿ ಹಿಂಡೂ ತನ್ನ ಮೇವಿನ ಪಾಲನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಯಾವ ಇಳಿಜಾರು ನಮ್ಮದು ಎಂಬುದನ್ನು ತಾಯಿ ಕುರಿಯಿಂದ ಮರಿ ಕಲಿಯುತ್ತದೆ. ಸರ್ವೆ ನಂಬರು, ಪಹಣಿ, ಪೋಡಿ ಯಾವುದೂ ಇಲ್ಲದೆ ತಲೆತಲಾಂತರದಿಂದ ಗಡಿ ತಂಟೆ ಬಗೆಹರಿದಿದೆ. ನಮ್ಮ ತಾಲ್ಲೂಕು ಕಚೇರಿಗಳಿಗೆ ಈ ಕುರಿಗಳಲ್ಲಿ ಒಂದನ್ನು ಡೆಪ್ಯುಟೇಷನ್ ಮೇಲೆ ಕರೆಸಿಕೊಳ್ಳಬಹುದು.

ಹಳ್ಳಿ ಬಿಟ್ಟ ಮೇಲೆ ಬ್ಲೇಕಿ ರಿಡ್ಜ್ ಎಂಬ ಉದ್ದನೆಯ ದಿಬ್ಬದ ಬೆನ್ನೇರಿ ರಸ್ತೆ ಉತ್ತರಕ್ಕೆ ಹೋಗುತ್ತದೆ. ಎಡಕ್ಕೆ ಫಾರ್ನ್‌ಡೇಲ್ ಕಣಿವೆ, ಬಲಕ್ಕೆ ರೋಸ್‌ಡೇಲ್ ಕಣಿವೆ, ನಡುವೆ ನಾವು, ಮತ್ತು ಗಾಳಿ. ಮರ ಎಂಬುದು ಒಂದೂ ಇಲ್ಲ. ಕಣ್ಣು ಹಾಯುವಷ್ಟೂ ಮೊಣಕಾಲೆತ್ತರದ ಹೆದರ್ ಪೊದೆ. ಆಗಸ್ಟ್ ತಿಂಗಳಲ್ಲಿ ಅದು ಹೂ ಬಿಟ್ಟು ಇಡೀ ಗುಡ್ಡಗಾಡೇ ನೇರಳೆಯಾಗುತ್ತದೆ. ಉಳಿದ ತಿಂಗಳುಗಳಲ್ಲಿ ಕಂದು, ಕಪ್ಪು, ಮತ್ತೆ ಕಂದು. ಇದನ್ನು ಕಂಡ ಪ್ರವಾಸಿಗರು ಆಹಾ, ಮನುಷ್ಯನ ಕೈ ಸೋಕದ ಪ್ರಕೃತಿ ಎಂದು ಉದ್ಗರಿಸುತ್ತಾರೆ. ನಿಜ ಬೇರೆ. ಇಲ್ಲಿ ಒಂದು ಕಾಲಕ್ಕೆ ಕಾಡಿತ್ತು. ಕಂಚಿನ ಯುಗದ ಹೊತ್ತಿಗೇ ಜನ ಅದನ್ನು ಕಡಿದು ಬೇಸಾಯ ಮಾಡಿದರು, ಮಣ್ಣು ಸತ್ವ ಕಳೆದುಕೊಂಡಿತು, ಹುಳಿ ಮಣ್ಣಿನಲ್ಲೂ ಬದುಕಬಲ್ಲ ಹೆದರ್ ಬಂದು ಕೂತಿತು. ಅದನ್ನು ಹಾಗೆಯೇ ಉಳಿಸಿಕೊಂಡು ಬಂದದ್ದು ಕುರಿಯ ಹಲ್ಲು ಮತ್ತು ಬೆಂಕಿ. ಎಳೆಯ ಚಿಗುರು ತಿನ್ನುವ ಗ್ರೌಸ್ ಎಂಬ ಹಕ್ಕಿಗಾಗಿ ಹೆದರನ್ನು ಪಟ್ಟಿ ಪಟ್ಟಿಯಾಗಿ ಸರದಿ ಮೇಲೆ ಸುಡುತ್ತಾರೆ. ದೂರದಿಂದ ನೋಡಿದರೆ ಗುಡ್ಡ, ಕೈ ನಡುಗುವ ಕ್ಷೌರಿಕನ ಕೈಗೆ ಸಿಕ್ಕ ತಲೆ. ಹಕ್ಕಿಯ ಮೇಲೆ ಇಷ್ಟು ಪ್ರೀತಿ ಯಾಕೆ ಎಂದರೆ, ಆಗಸ್ಟ್ 12ರಿಂದ ಅದನ್ನು ಗುಂಡಿಟ್ಟು ಹೊಡೆಯುವುದಕ್ಕೆ. ಶ್ರೀಮಂತರ ಆ ಶಿಕಾರಿ ನಿಂತರೆ ಈ ನೇರಳೆ ಬಯಲು ಏನಾದೀತು ಎಂಬುದರ ಬಗ್ಗೆ ಅಲ್ಲಿ ದೊಡ್ಡ ಜಗಳವೇ ನಡೆಯುತ್ತಿದೆ. ನನ್ನದು ಹಕ್ಕಿಯ ಪಕ್ಷ.

ಪಕ್ಷ ವಹಿಸಿದವರ ಮೇಲೆ ಹಕ್ಕಿಗೇನೂ ಕೃತಜ್ಞತೆ ಇಲ್ಲ. ಕೆಂಪು ಗ್ರೌಸ್ ಪೊದೆಯಿಂದ ಧಡಕ್ಕನೆ ಎದ್ದು ಕೂಗುವ ಕೂಗು ಯಾರಿಗೇ ಕೇಳಿದರೂ "ಗೋ ಬ್ಯಾಕ್, ಗೋ ಬ್ಯಾಕ್, ಗೋ ಬ್ಯಾಕ್" ಎಂದೇ ಕೇಳುತ್ತದೆ. ಇದು ನನ್ನ ಕಲ್ಪನೆಯಲ್ಲ, ಅಲ್ಲಿಯ ಪಕ್ಷಿವೀಕ್ಷಕರೆಲ್ಲ ಒಪ್ಪಿಕೊಂಡ ಮಾತು. 1928ರಲ್ಲಿ ಸೈಮನ್ ಕಮಿಷನ್ನಿಗೆ ನಮ್ಮ ಹಿರಿಯರು ಕೂಗಿದ ಘೋಷಣೆಯನ್ನು ಇಂಗ್ಲೆಂಡಿನ ಹಕ್ಕಿಯೊಂದು ಏದುಸಿರು ಬಿಡುತ್ತಿರುವ ಒಬ್ಬ ಕನ್ನಡಿಗನಿಗೆ ಬಡ್ಡಿಸಮೇತ ಹಿಂತಿರುಗಿಸುವುದನ್ನು ಕೇಳುವುದಕ್ಕಾದರೂ ಒಮ್ಮೆ ಅಲ್ಲಿಗೆ ಹೋಗಬೇಕು.

ನಿವೃತ್ತ ಮೇಷ್ಟ್ರು ನನ್ನ ಪಕ್ಕಕ್ಕೆ ಬಂದದ್ದು ಇಲ್ಲಿಯೇ. ಅವರದು ನಾಟಿಂಗ್‌ಹ್ಯಾಮಿನ ಹಳೆಯ ಉಕ್ಕಿನ ರ್ಯಾಲಿ. ನಮ್ಮ ಕಡೆ ರ್ಯಾಲಿ ಸೈಕಲ್ಲಿಗೆ ಏನು ಮರ್ಯಾದೆ ಇತ್ತು ಎಂಬುದನ್ನು ಹಳಬರಿಗೆ ಹೇಳಬೇಕಾಗಿಲ್ಲ. ಅಳಿಯ ಅದನ್ನು ಕೇಳಿದ ಎಂದರೆ ಸಂಬಂಧ ದುಬಾರಿಯದು ಎಂದು ಅರ್ಥ. ಮುಂದೆ ಆಸನ್ಸೋಲಿನಲ್ಲಿ ಸೆನ್-ರ್ಯಾಲಿ ಕಾರ್ಖಾನೆ ಬಂತು, ಆದರೂ ನಾಟಿಂಗ್‌ಹ್ಯಾಮಿನಿಂದ ಹಡಗಿನಲ್ಲಿ ಬಂದ ಸೈಕಲ್ ಇಟ್ಟುಕೊಂಡವರು ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಇದನ್ನೆಲ್ಲ ಮೇಷ್ಟ್ರಿಗೆ ವಿವರಿಸುವ ಆಸೆ ನನಗಿತ್ತು, ಉಸಿರು ಇರಲಿಲ್ಲ. ಅವರಿಗೆ ಉಸಿರಿತ್ತು. ಏರಿನ ಉದ್ದಕ್ಕೂ ತಮ್ಮ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟದ್ದು, ಅದನ್ನು ರಿಪೇರಿಗೆ ಕೊಟ್ಟದ್ದು, ರಿಪೇರಿಯವನು ಮತ್ತಷ್ಟು ಕೆಡಿಸಿದ್ದು ಎಲ್ಲವನ್ನೂ ಸಾವಧಾನವಾಗಿ ಹೇಳಿದರು. ನಾನು "ಹ್ಞಾಂ" ಎಂಬ ಒಂದೇ ಅಕ್ಷರವನ್ನು ಬೇರೆಬೇರೆ ಅಂತರದಲ್ಲಿ ಉಚ್ಚರಿಸಿದೆ. ಇಂಥ ಒಳ್ಳೆಯ ಕೇಳುಗ ಗುಂಪಿನಲ್ಲಿ ಇನ್ನೊಬ್ಬನಿಲ್ಲ ಎಂದು ಅವರು ಆಮೇಲೆ ಎಲ್ಲರೆದುರು ನನ್ನನ್ನು ಹೊಗಳಿದರಂತೆ.

ದಿಬ್ಬದ ಮೇಲೆ, ಸುಮಾರು 400 ಮೀಟರ್ ಎತ್ತರದಲ್ಲಿ, ಲಯನ್ ಇನ್ ಎಂಬ ಹದಿನಾರನೇ ಶತಮಾನದಷ್ಟು ಹಳೆಯ ಪಬ್ ಒಂಟಿಯಾಗಿ ನಿಂತಿದೆ. 2010ರ ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿ, ಒಳಗಿದ್ದ ಕೆಲವರು ಒಂದು ವಾರಕ್ಕೂ ಹೆಚ್ಚು ಕಾಲ ಹೊರಬರಲಾಗಲಿಲ್ಲ. ತುಂಬಿದ ಪೀಪಾಯಿಗಳು, ತುಂಬಿದ ಅಡಿಗೆಮನೆ, ಉರಿಯುವ ಒಲೆ, ಆಫೀಸಿಗೆ ಹೋಗಲಾಗದ ದಾರಿ. ಆ ಸುದ್ದಿಯನ್ನು ಪತ್ರಿಕೆಗಳು ಸಂಕಟದ ಸುದ್ದಿ ಎಂದೇಕೆ ಬರೆದವೋ. ನಾವು ಟೀ ಕುಡಿದು, ಟೋಸ್ಟಿನ ಮೇಲೆ ಸುರಿದ ಬೇಯಿಸಿದ ಬೀನ್ಸ್ ಕಾಳು ತಿಂದೆವು. ಕಾಳಿಗೆ ಒಗ್ಗರಣೆ ಇಲ್ಲ ಎಂಬುದನ್ನು ಹಸಿವು ಕ್ಷಮಿಸುತ್ತದೆ.

ಪಬ್ ದಾಟಿ ಸ್ವಲ್ಪ ಮುಂದೆ ಹೋದರೆ ಯಂಗ್ ರಾಲ್ಫ್ ಎಂಬ ಕಲ್ಲಿನ ಶಿಲುಬೆ. ಇದೇ ಈ ರಾಷ್ಟ್ರೀಯ ಉದ್ಯಾನದ ಲಾಂಛನ. ಬಡ ದಾರಿಹೋಕರಿಗಾಗಿ ಅದರ ತಲೆಯ ಮೇಲೆ ನಾಣ್ಯ ಇಡುವ ರೂಢಿ ಇತ್ತು. ಆ ತಲೆಗೆ ಎಟುಕುವಷ್ಟು ಎತ್ತರದ ಬಡವರು ಎಷ್ಟು ಜನ ಇದ್ದರೋ ಗೊತ್ತಿಲ್ಲ. ಅಲ್ಲಿಂದ ರೋಸ್‌ಡೇಲಿನ ಕಡೆ ಬಲಕ್ಕೆ ತಿರುಗಿದರೆ ಫ್ಯಾಟ್ ಬೆಟ್ಟಿ. ಕುಳ್ಳಗೆ, ದಪ್ಪಗೆ, ಸುಣ್ಣ ಬಳಿದುಕೊಂಡು ದಾರಿಬದಿಗೆ ನಿಂತಿರುವ ಕಲ್ಲು. ಕಣಿವೆಯ ಮಠದ ಬೆಟ್ಟಿ ಎಂಬ ಸನ್ಯಾಸಿನಿ ಮಂಜಿನಲ್ಲಿ ದಾರಿ ತಪ್ಪಿದ ಕತೆಯೊಂದನ್ನು ಇದಕ್ಕೆ ಹೊಂದಿಸಿ ಹೇಳುತ್ತಾರೆ. ಇವಳ ಮುಂದೆ ಏನಾದರೂ ತಿಂಡಿ ಇಟ್ಟು, ಹಿಂದಿನವರು ಇಟ್ಟದ್ದರಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ನೈವೇದ್ಯ, ಪ್ರಸಾದ ಎರಡೂ ಒಂದೇ ವ್ಯವಹಾರದಲ್ಲಿ ಮುಗಿಯಿತು; ನಡುವೆ ಪೂಜಾರಿಯಿಲ್ಲ, ತಟ್ಟೆಯಿಲ್ಲ. ಓಟ್ಸ್ ಮಿಠಾಯಿ, ಚಾಕೊಲೇಟು, ಮಳೆಗೆ ನೆನೆದ ಬಿಸ್ಕತ್ತುಗಳ ನಡುವೆ ನಾನು ಒಂದು ಕೋಡುಬಳೆ ಇಟ್ಟು ಪೆಪ್ಪರ್‌ಮಿಂಟು ತೆಗೆದುಕೊಂಡೆ. ನಮ್ಮ ಬೆನ್ನಿಗೇ ಬಂದ ಬೇರೆ ಗುಂಪಿನ ಒಬ್ಬಾತ ಆ ಕೋಡುಬಳೆಯನ್ನು ಎತ್ತಿ, ಸೈಕಲ್ಲಿನ ಬಿಡಿಭಾಗವೋ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ, ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದಿದೆಯೇ ಎಂದು ಕೇಳಿದ.

ಆಮೇಲೆ ಇಳಿಜಾರು, ರೋಸ್‌ಡೇಲ್ ಅಬಿ ಎಂಬ ಹಳ್ಳಿಯವರೆಗೆ. ಕುರಿ ಮೇಯುವ ಈ ಹಸಿರು ಕಣಿವೆಯನ್ನು ನೋಡಿದರೆ, ಇದು ಒಂದು ಕಾಲದ ಗಣಿ ಪಟ್ಟಣ ಎಂದು ಯಾರೂ ನಂಬುವುದಿಲ್ಲ. 1850ರ ದಶಕದಲ್ಲಿ ಇಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಕೆಲವೇ ನೂರು ಜನರಿದ್ದ ಕಣಿವೆಗೆ ಸಾವಿರಾರು ಕಾರ್ಮಿಕರು ಬಂದರು. 1861ರಲ್ಲಿ ಈ ಬೋಳು ಗುಡ್ಡಗಳ ನೆತ್ತಿಯ ಮೇಲೆಯೇ ರೈಲು ಹಳಿ ಹಾಕಿದರು. ಅದಿರನ್ನು ಇಲ್ಲಿಯೇ ದೊಡ್ಡ ಗೂಡುಗಳಲ್ಲಿ ಹುರಿದು, ಅದರಲ್ಲಿನ ನೀರು, ಅನಿಲ ಕಳೆದು ತೂಕ ಇಳಿಸಿ ಸಾಗಿಸುತ್ತಿದ್ದರು. ಸಾಗಣೆ ಖರ್ಚು ತೂಕದ ಮೇಲೆ ತಾನೆ. ಕೊನೆಯಲ್ಲಿ ಗುಡ್ಡದ ಅಂಚಿನಿಂದ ಬಂಡಿಗಳನ್ನು ಹಗ್ಗ ಕಟ್ಟಿ ಕೆಳಗಿಳಿಸುವುದು. 1929ರಲ್ಲಿ ರೈಲು ನಿಂತಿತು, ಜನ ಹೊರಟುಹೋದರು, ಹುಲ್ಲು ಬಂತು. ಆ ಕಲ್ಲಿನ ಗೂಡುಗಳ ಸಾಲಿನ ಮುಂದೆ ನಿಂತಾಗ ನನಗೆ ಕುದುರೆಮುಖ ನೆನಪಾಯಿತು. ಅಲ್ಲಿಯೂ ಹೀಗೇ ಮರವಿಲ್ಲದ ಹುಲ್ಲುಬೆಟ್ಟ, ಒಳಗೆ ಕಬ್ಬಿಣ. ಅಲ್ಲಿ ಅದಿರನ್ನು ಕೆಸರು ಮಾಡಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ರೋಸ್‌ಡೇಲಿನ ಹುಲ್ಲಿಗೆ ನೂರು ವರ್ಷ ಸಮಯ ಸಿಕ್ಕಿದೆ. ನಮ್ಮದಕ್ಕೂ ಸಿಗಲಿ.

ಗಣಿಯ ಯಂತ್ರದ ಮನೆಗೆ ಒಂದು ಎತ್ತರದ ಚಿಮ್ನಿ ಇತ್ತು. ಅದು ಶಿಥಿಲವಾಗಿ 1972ರಲ್ಲಿ ಅದನ್ನು ಕೆಡವಿದರು. ಚಿಮ್ನಿ ಹೋದರೂ ಅದರ ಪಕ್ಕ ಹಾದುಹೋಗುವ ರಸ್ತೆಯ ಹೆಸರು ಉಳಿಯಿತು: ರೋಸ್‌ಡೇಲ್ ಚಿಮ್ನಿ ಬ್ಯಾಂಕ್. ಬ್ಯಾಂಕ್ ಎಂದರೆ ಅಲ್ಲಿನವರ ಮಾತಿನಲ್ಲಿ ಏರು. ನಮ್ಮ ಮುಂದಾಳು ಹೇಳಿದ ಸಣ್ಣ ದಿಣ್ಣೆ ಇದೇ. ಒಂದೂವರೆ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಸುಮಾರು 170 ಮೀಟರ್ ಏರು, ಅತಿ ಕಡಿದಾದ ಕಡೆ ಮೂರಕ್ಕೊಂದು. ಇಂಗ್ಲೆಂಡಿನ ಅತಿ ಕಡಿದಾದ ರಸ್ತೆಗಳ ಪಟ್ಟಿ ಯಾರೇ ಮಾಡಲಿ, ಇದು ಮೇಲೆಯೇ ಇರುತ್ತದೆ. ಸೈಕಲ್ ಸವಾರರು ದಯವಿಟ್ಟು ಕೆಳಗಿಳಿಯಿರಿ ಎಂಬ ಫಲಕವೂ ಉಂಟು.

ಈ ಏರಿನ ವಿಜ್ಞಾನ ಸರಳ. ಸವಾರ, ಸೈಕಲ್ ಎರಡೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ನಡಿಗೆಯ ವೇಗದಲ್ಲಿ ಮೂರಕ್ಕೊಂದರ ಕಡಿದನ್ನು ಹತ್ತಲು ಸುಮಾರು 350 ವ್ಯಾಟ್ ಶಕ್ತಿ ಬೇಕು. ಸಾಧಾರಣ ಆರೋಗ್ಯವಂತ ಹೆಚ್ಚು ಹೊತ್ತು ಕೊಡಬಲ್ಲದ್ದು ಅದರ ಅರ್ಧವೂ ಅಲ್ಲ. ನಿಧಾನ ಮಾಡೋಣ ಎಂದರೆ, ಒಂದು ವೇಗಕ್ಕಿಂತ ಕೆಳಗೆ ಹೋದ ಸೈಕಲ್ ನಿಲ್ಲುವುದಿಲ್ಲ, ಬೀಳುತ್ತದೆ. ಸೀಟು ಬಿಟ್ಟೆದ್ದು ಮುಂದಕ್ಕೆ ಬಾಗಿ ತುಳಿದರೆ ಭಾರ ತಪ್ಪಿದ ಹಿಂದಿನ ಚಕ್ರ ಒದ್ದೆ ಡಾಂಬರಿನಲ್ಲಿ ಜಾರುತ್ತದೆ. ಹಿಂದಕ್ಕೆ ಕೂತು ತುಳಿದರೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಇವೆರಡರ ನಡುವೆ ಬೆರಳಗಲದ ಜಾಗವೊಂದಿದೆ, ಹತ್ತುವವರೆಲ್ಲ ಅಲ್ಲಿ ಕೂತು ಹತ್ತುತ್ತಾರೆ. ಬೋಳುಗಾಲಿನ ತರುಣರು ಆ ಜಾಗ ಹಿಡಿದು ಹಲ್ಲು ಕಚ್ಚಿ ತಿರುವಿನಲ್ಲಿ ಮರೆಯಾದರು. ಮೇಷ್ಟ್ರು ಹುಲ್ಲುಯಂತ್ರದ ಕತೆ ನಿಲ್ಲಿಸಿದರು. ಕಡಿದು ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ನರ್ಸಮ್ಮ ಒಂದು ಮಾತೂ ಆಡದೆ, ಒಂದೇ ಲಯದಲ್ಲಿ, ರಾತ್ರಿಯೆಲ್ಲ ನಿದ್ದೆ ಇಲ್ಲದವಳು ಎಂಬುದರ ಗುರುತೇ ಇಲ್ಲದೆ ಹತ್ತಿಹೋದಳು. ನಾನು ಮತ್ತು ಗಂಡನಿಗೆ ಹುಷಾರಿಲ್ಲದ ಮಹಿಳೆ ಇಳಿದೆವು.

ಇಳಿದು ತಳ್ಳುವುದನ್ನು ಈಚಿನ ಸೈಕಲ್ ಜನ ಮಾನಹಾನಿ ಎಂದು ತಿಳಿಯುತ್ತಾರೆ. ಆ್ಯಪಿನಲ್ಲಿ ಪ್ರತಿ ಸವಾರಿಯ ವೇಗದ ಗೆರೆ ಮೂಡುತ್ತದಲ್ಲ, ಅದರ ಭಯ. ಹಳಬರಿಗೆ ಈ ನಾಚಿಕೆ ಇರಲಿಲ್ಲ. ಇದೇ ಯಾರ್ಕ್‌ಶೈರಿನ ಹ್ಯಾರೊಗೇಟ್ ಪಟ್ಟಣದಲ್ಲಿ 1878ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗರ ಸಂಘ, ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದದ್ದು, ಅಪಾಯದ ಗುಡ್ಡಗಳ ತಲೆಯಲ್ಲಿ ತಾನೇ ಎಚ್ಚರಿಕೆಯ ಫಲಕಗಳನ್ನು ನೆಡಿಸಿತು. ಸರಿಯಾದ ಬ್ರೇಕೂ ಗೇರೂ ಇಲ್ಲದ ಕಾಲ ಅದು. ಏರು ಬಂದರೆ ಇಳಿದು, ಕೋಟಿನ ಗುಂಡಿ ಬಿಚ್ಚಿ, ಸುತ್ತ ನೋಡುತ್ತ ತಳ್ಳಿಕೊಂಡು ಹೋಗುವುದು ಪ್ರವಾಸದ ಭಾಗವೇ ಆಗಿತ್ತು. ತಳ್ಳುವವರಿಗೆ ಸಿಗುವುದು ಹತ್ತುವವರಿಗೆ ಸಿಗುವುದಿಲ್ಲ. ಹತ್ತುವವನು ಕಾಣುವುದು ತನ್ನ ಮುಂದಿನ ಚಕ್ರ ಮತ್ತು ಅದರ ಮೇಲೆ ತೊಟ್ಟಿಕ್ಕುವ ತನ್ನ ಬೆವರು. ನಾವು ಇಡೀ ರೋಸ್‌ಡೇಲ್ ಕಂಡೆವು, ಎದುರಿನ ಗುಡ್ಡದ ಪಕ್ಕೆಯಲ್ಲಿ ಹಳೆಯ ರೈಲಿನ ಹಾದಿ ಗೆರೆ ಕೊರೆದದ್ದು ಕಂಡೆವು, ಗಂಡನ ಹುಷಾರಿಲ್ಲದಿರುವಿಕೆ ಭಾನುವಾರಗಳಲ್ಲಿ ಮಾತ್ರ ಬರುವ ಬಗೆಯದು ಎಂಬುದೂ ತಿಳಿಯಿತು. ಗಂಡನಿಗೆ ಏರು ಆಗುವುದಿಲ್ಲವಂತೆ.

ಮೇಲೆ ಎಲ್ಲರೂ ಕಾಯುತ್ತಿದ್ದರು. ಇಂಗ್ಲಿಷ್ ಸೈಕಲ್ ಗುಂಪುಗಳ ಬಗ್ಗೆ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ ಇದೇ. ಅಲ್ಲಿನ ಮಳೆಯನ್ನೂ ಒಗ್ಗರಣೆ ಇಲ್ಲದ ಬೀನ್ಸ್ ಕಾಳನ್ನೂ ಹೇಗೋ ಸಹಿಸಿಕೊಂಡು ಜನ ಗುಂಪಿನಲ್ಲಿ ಉಳಿಯುವುದು ಈ ಕಾಯುವಿಕೆಗಾಗಿ. ಪ್ರತಿ ಏರಿನ ತುದಿಯಲ್ಲಿ ಗುಂಪು ನಿಲ್ಲುತ್ತದೆ. ಕೊನೆಯವರು ಬಂದು, ಉಸಿರು ಬಿಟ್ಟು, ನೀರು ಕುಡಿದ ಮೇಲೆಯೇ ಹೊರಡುವುದು. ಅವರು ಬಂದ ಕೂಡಲೇ ಅಲ್ಲ. ಬಂದವರಿಗೆ ಉಸಿರು ಬಿಡಲು ಸಮಯ ಕೊಡುವುದನ್ನು ಮರೆಯುವ ಗುಂಪುಗಳೂ ಇವೆ. ಅಲ್ಲಿ ವೇಗದವರಿಗೆ ವಿಶ್ರಾಂತಿ ಸಿಕ್ಕಿ, ಅದು ಬೇಕಾದವರಿಗೆ ಮಾತ್ರ ಸಿಗುವುದಿಲ್ಲ. ಅಂಥ ಗುಂಪು ನಾಲ್ಕು ವಾರ ನಡೆದರೆ ಹೆಚ್ಚು. ನಮ್ಮ ಮುಂದಾಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ, ಕಿವಿ ಕೆಂಪಗಾಗಿತ್ತು. ಎಷ್ಟು ಹೊತ್ತಾಯಿತು ಎಂದು ಕೇಳಿದೆ. "ಈಗಷ್ಟೇ ಬಂದೆವು" ಎಂದ. ಆ ಮಾತಿಗೂ ಗುಣಕ ಹಾಕಿಕೊಂಡೆ.

ಅಲ್ಲಿಂದ ಸ್ಪಾಂಟನ್ ಮೂರ್ ದಾಟಿ ಮತ್ತೆ ಕುರಿಗಳ ಹಳ್ಳಿಗೆ ಇಳಿಯುವುದು ಹಗುರ. ಗಾಳಿಯೂ ಅಂದು ಬೆನ್ನಿಗಿತ್ತು.

ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗರೂ, ಮಕ್ಕಳ ಮನೆಗೆ ಬೇಸಿಗೆಗೆ ಹೋಗುವ ಅಪ್ಪ ಅಮ್ಮಂದಿರೂ ಇದನ್ನು ಓದುತ್ತಿದ್ದರೆ ಒಂದೆರಡು ಮಾತು. ಹೋಗುವುದಾದರೆ ಆಗಸ್ಟ್ ಕೊನೆಯ ವಾರ ಹೋಗಿ, ಹೆದರ್ ಹೂ ಇರುತ್ತದೆ. ಹಿಂದಿನ ಚಕ್ರಕ್ಕೆ 34 ಹಲ್ಲಿನ ಗೇರಾದರೂ ಇರಲಿ. ಬೆಟ್ಟಿಗೆ ಚಕ್ಕುಲಿ ಬೇಡ, ದಾರಿಯಲ್ಲಿ ಪುಡಿಯಾಗುತ್ತದೆ; ಕೋಡುಬಳೆ ತಡೆಯುತ್ತದೆ. ಬ್ರೇಕಿನ ರಬ್ಬರು ಹೊಸದು ಹಾಕಿಸಿಕೊಳ್ಳಿ. ಚಿಮ್ನಿ ಬ್ಯಾಂಕನ್ನು ಹತ್ತುವ ದಿಕ್ಕಿನಲ್ಲೇ ಇಟ್ಟುಕೊಂಡು ದಾರಿ ಗೊತ್ತುಮಾಡಿ, ಇಳಿಯುವ ದಿಕ್ಕಿನಲ್ಲಿ ಬೇಡ. ಹತ್ತಲಾಗದವರು ಇಳಿದು ತಳ್ಳಬಹುದು. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟವರಿಗೆ ಆ ಸೌಲಭ್ಯ ಇರುವುದಿಲ್ಲ.